ಅಚ್ಚೇರು

ನಲವತ್ತಮೂರನೇ ಪುಟದ ಅಂಚಿಗೆ
ಕೆಂಪು ಶಾಯಿಯಲ್ಲಿ ನಾನೇ ಬರೆದಿದ್ದೆ, ಕೊಟ್ರೇಶ್ವರಿ:
'ಇದಕ್ಕೆ ಆಧಾರವೇನು?'
ಕೆಳಗೆ ಎರಡು ಗೆರೆ.
ಎರಡನೆಯದು ಕಾಗದ ಹರಿಯುವಷ್ಟು ಒತ್ತಿ.

ನಿನ್ನ ಸಾಲು ಇದ್ದದ್ದು ಇಷ್ಟೇ:
ಸುಟ್ಟಗಾಯದ ವಾರ್ಡಿನ ಆರನೇ ಮಂಚದ ರೋಗಿ
ಸೊನ್ನೆಯಿಂದ ಹತ್ತರ ನೋವಿನ ಪಟ್ಟಿಯನ್ನು ಒಪ್ಪಲಿಲ್ಲ.

ಎಂಎಸ್ಸಿ ಎರಡನೇ ವರ್ಷ,
ಪ್ರಬಂಧ ಒಪ್ಪಿಸಲು ಉಳಿದದ್ದು ಹದಿನೆಂಟು ದಿನ.
ಅರವತ್ತು ಮಂದಿಯಲ್ಲಿ ಐವತ್ತೊಂಬತ್ತು ಜನ
ನಾಲ್ಕೆಂದರು, ಏಳೆಂದರು,
ನಗುವ ಮುಖ ಅಳುವ ಮುಖದ ಚಿತ್ರ ತೋರಿಸಿದರೆ
ಯಾವುದೋ ಒಂದರ ಮೇಲೆ ಬೆರಳಿಟ್ಟರು.
ಒಬ್ಬಳಿಗಾಗಿ ಇಷ್ಟು ಪುಟ ಯಾಕೆ, ತೆಗೆದುಹಾಕು ಎಂದೆ.
ನನ್ನ ಗೈಡು ನನ್ನ ಪ್ರಬಂಧ ಓದಲಿಲ್ಲ,
ಅಂಗೈಯಲ್ಲಿ ತೂಗಿ 'ತೆಳ್ಳಗಾಯ್ತಲ್ಲ' ಎಂದಿದ್ದರು.
ನಾನು ಓದುವವಳು ಎಂಬ ಹೆಮ್ಮೆ ನನಗೆ.
'ಒಂದ್ಸಲ ಬಂದು ನೀವೇ ಕೇಳ್ರಿ ಮೇಡಂ.'

ಬಂದೆ.
ಮಂಡಕ್ಕಿ ಭಟ್ಟಿಯ ಹಜರಾಬಿ.
ಕಾದ ಉಸುಕಿನ ಬಾಣಲೆ ಮಗುಚಿತ್ತು.
ಬಟ್ಟೆ ಸುತ್ತಿದ ಬಲಗೈಯನ್ನು ದಿಂಬಿನ ಮೇಲೆ
ಯಾರೋ ನೋಡಿಕೋ ಎಂದು ಕೊಟ್ಟುಹೋದ ಕೂಸಿನಂತೆ
ಮಲಗಿಸಿಕೊಂಡಿದ್ದಳು.

ನೀನು ಸ್ಟೂಲು ಎಳೆದೆ, ಸದ್ದಾಗಲಿಲ್ಲ
(ಅದು ನಾನು ಹೇಳಿಕೊಟ್ಟದ್ದು).
ಅವಳ ಕಣ್ಣಿನ ಮಟ್ಟಕ್ಕೆ ನಿನ್ನ ಕಣ್ಣು ತಂದೆ
(ಅದೂ).
ಕೇಳಿ, ಸುಮ್ಮನಾದೆ.
ಮೊದಲ ವರ್ಷದ ಮೊದಲ ಪಾಠ: ಪ್ರಶ್ನೆ ಕೇಳಿದ ಮೇಲೆ
ಮನಸ್ಸಿನಲ್ಲೇ ಹತ್ತು ಎಣಿಸಿ,
ನಡುವೆ ನಿಮ್ಮ ಮಾತು ತುರುಕಬೇಡಿ.

'ಮೊನ್ನಿ ಸೇರಿತ್ತವ್ವಾ,' ಎಂದಳು ಹಜರಾಬಿ,
'ಗೋಪುರ ಕಟ್ಟಿ ಸುತ್ತ ಚೆಲ್ಲೋವಂಥ ಸೇರು.
ಇವತ್ತು ಅಚ್ಚೇರು.
ಪಟ್ಟಿ ಬಿಚ್ಚೋವಾಗ ಮಾತ್ರ ಮತ್ತೆ ಸೇರು ತುಂಬತೈತಿ.
ರಾತ್ರಿ ಸೂಜಿ ಕೊಟ್ಟಮ್ಯಾಲೆ ಪಾವು.
ಪಾವಿದ್ರೆ ನಿದ್ದಿ ಬರತೈತಿ.
ನೀವು ಹತ್ತು ಹತ್ತು ಅಂತೀರಿ,
ಏನು ಹತ್ತು?
ಹತ್ತು ಹಿಡಿನೋ, ಹತ್ತು ಚೀಲಾನೋ?'

ಇಪ್ಪತ್ತೇಳು ವರ್ಷ ಪಾಠ ಹೇಳಿದ್ದೇನೆ.
ಏನು ಹತ್ತು, ಎಂದು ಯಾವ ಬೆಂಚಿನಿಂದಲೂ ಯಾರೂ ಕೇಳಿರಲಿಲ್ಲ.

ಆಮೇಲೆ ನಿನ್ನ ಚಾರ್ಟು ನೋಡಿದೆ.
ತಾರೀಖಿನ ಎದುರು ಅಚ್ಚೇರು, ಅಚ್ಚೇರು, ಮೂರು ಪಾವು, ಸೇರು.
ಇದೇನು ಸಂತೆಯಾ ಎಂದು ನಕ್ಕನಂತೆ ಡ್ಯೂಟಿ ಡಾಕ್ಟರು.
ನಕ್ಕರೂ, ಸೇರು ತುಂಬುವ ಹೊತ್ತು ನೋಡಿಕೊಂಡು
ಡ್ರೆಸ್ಸಿಂಗಿಗೆ ಅರ್ಧ ಗಂಟೆ ಮೊದಲೇ
ಸೂಜಿ ಬರೆದುಕೊಟ್ಟ.

ಸಂಜೆ ಪಿ.ಬಿ. ರಸ್ತೆಯ ಅಂಗಡಿಯಲ್ಲಿ ನಿಂತೆ,
ದಾವಣಗೆರೆಯ ಧೂಳು ಲಾರಿಗಳ ಬೆಳಕಿನಲ್ಲಿ ಕುದಿಯುತ್ತಿತ್ತು.
ಮಂಡಕ್ಕಿಯವನ ಕೈಯಲ್ಲಿ ತಳ ನೆಗ್ಗಿದ ತಗಡಿನ ಸೇರು.
ಅಳೆದು ಸುರಿದ. ಆಮೇಲೆ ಅಳೆಯದೆ
ಒಂದು ಹಿಡಿ ಮೇಲೆ ಹಾಕಿದ, ಕೊಸರು.
ಈ ಕೊಸರನ್ನು ಯಾವ ಕಾಲಮ್ಮಿನಲ್ಲಿ ಬರೆಸಲಿ ನಿನ್ನಿಂದ
ಎಂದು ಯೋಚಿಸುತ್ತ
ಚಿಲ್ಲರೆ ಮರೆತು ಬಂದೆ.

ಮರುದಿನ ಅದೇ ಪುಟ ತಂದೆ ನೀನು, ಒಂದಕ್ಷರ ಬದಲಿಸದೆ.
ನನ್ನ ಗೆರೆಗಳ ಪಕ್ಕದಲ್ಲೇ ಸಹಿ ಹಾಕಿದೆ.
ಎದ್ದಾಗ ಕೈ ತಾನಾಗಿ ಸೊಂಟಕ್ಕೆ ಹೋಯಿತು.
'ಎಷ್ಟು, ಮೇಡಂ?'
'ಚಟಾಕು' ಎಂದೆ, ನಗಿಸಲೆಂದು.

ನೀನು ನಗಲಿಲ್ಲ.
ಸ್ಟೂಲು ಎಳೆದೆ, ಸದ್ದಾಗದಂತೆ.
ಕಣ್ಣು ನನ್ನ ಕಣ್ಣಿನ ಮಟ್ಟಕ್ಕೆ.
ಕಾರಿಡಾರಿನಲ್ಲಿ ಟ್ರಾಲಿಯ ಸವೆದ ಚಕ್ರವೊಂದು
ಕಿರುಗುಟ್ಟುತ್ತ ಹೋಯಿತು.
ಎಣಿಸುತ್ತಿದ್ದೀಯೆಂದು ಗೊತ್ತು ನನಗೆ,
ನನ್ನದೇ ಪಾಠ.
ಐದು.
ಆರು.
ಏಳಾಗುವ ಹೊತ್ತಿಗೆ
ಬಾಗಿಲು ಮುಂದೆ ಮಾಡು ಎಂದೆ.